ಬೆಳಗಾಗುವ ತನಕ ಕುಣಿದವರು

ಪ್ಲೇಟೋನ ‘ರಿಪಬ್ಲಿಕ್’ ಓದಿದ ಬಹಳ ಮಂದಿಗೆ ಅದು ಶುರುವಾಗುವುದೇ ಒಂದು ಹಬ್ಬದ ದಿನ ಎಂಬುದು ನೆನಪಿರುವುದಿಲ್ಲ. ಸಾಕ್ರಟೀಸ್ ತನ್ನ ಗೆಳೆಯ ಗ್ಲೌಕಾನ್‌ನ ಜತೆ ಅಥೆನ್ಸಿನಿಂದ ಪಿರಿಯಸ್ ಬಂದರಿಗೆ ಇಳಿದು ಬಂದಿದ್ದಾನೆ. ಬೆಂಡಿಸ್ ಎಂಬ ದೇವಿಯ ಉತ್ಸವ ಅಲ್ಲಿ ಮೊದಲ ಸಲ ನಡೆಯುತ್ತಿದೆ. ಉತ್ತರದ ಥ್ರೇಸ್ ಸೀಮೆಯಿಂದ ಬಂದ ದೇವಿ ಅವಳು, ಬಂದರಿನಲ್ಲಿ ನೆಲೆಸಿದ್ದ ಥ್ರೇಸಿನ ಜನರ ಜತೆ ಬಂದವಳು. ದೇವಿಗೆ ಪ್ರಾರ್ಥನೆ ಸಲ್ಲಿಸಿ, ಮೆರವಣಿಗೆ ನೋಡಿ ಊರಿನ ದಾರಿ ಹಿಡಿದಾಗ ಪೊಲೆಮಾರ್ಕಸ್ ಎಂಬ ಗೆಳೆಯನ ಆಳುಹುಡುಗ ಹಿಂದಿನಿಂದ ಓಡಿ ಬಂದು ಹೊದಿಕೆಯ ಸೆರಗು ಹಿಡಿದು ನಿಲ್ಲಿಸುತ್ತಾನೆ. ಹಿಂದೆಯೇ ಬಂದ ಗೆಳೆಯರು ಒತ್ತಾಯಿಸುತ್ತಾರೆ: ಸಂಜೆಗೆ ಕುದುರೆಯ ಮೇಲೆ ಪಂಜಿನ ಓಟವಿದೆ, ಸವಾರರು ಉರಿಯುವ ಪಂಜನ್ನು ಕೈಯಿಂದ ಕೈಗೆ ದಾಟಿಸುತ್ತ ಓಡಿಸುತ್ತಾರೆ, ಆಮೇಲೆ ರಾತ್ರಿಯಿಡೀ ಉತ್ಸವ, ಊಟ ಮುಗಿಸಿ ನೋಡಲು ಹೋಗೋಣ. ಸಾಕ್ರಟೀಸ್ ಒಪ್ಪಿ ಅವರ ಮನೆಗೆ ಹೋಗುತ್ತಾನೆ. ಮಾತಿಗೆ ಕೂರುತ್ತಾರೆ. ನ್ಯಾಯ ಎಂದರೇನು ಎಂಬ ಪ್ರಶ್ನೆ ಏಳುತ್ತದೆ. ಹತ್ತು ಭಾಗಗಳಷ್ಟು ಉದ್ದದ ಆ ಮಾತು ಮುಗಿಯುವ ಹೊತ್ತಿಗೆ ಓಟದ ಸುದ್ದಿಯೂ ಇಲ್ಲ, ಇರುಳಿನ ಉತ್ಸವದ ಸುದ್ದಿಯೂ ಇಲ್ಲ.

ಪಾಶ್ಚಾತ್ಯ ತತ್ವಶಾಸ್ತ್ರದ ದೊಡ್ಡ ಪುಸ್ತಕ ಆ ಮನೆಯೊಳಗೆ ಹುಟ್ಟುತ್ತಿದ್ದಾಗ ಮನೆಯ ಹೊರಗೆ ಏನು ನಡೆಯುತ್ತಿತ್ತು ಎಂಬುದು ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವ ಪ್ರಶ್ನೆ. ಇಂಥ ಅಹೋರಾತ್ರಿ ಉತ್ಸವವನ್ನು ಗ್ರೀಕರು ‘ಪನ್ನಿಖಿಸ್’ ಎಂದು ಕರೆಯುತ್ತಿದ್ದರು. ಇದು ಬೆಂಡಿಸ್ ದೇವಿಯೊಬ್ಬಳಿಗೇ ಮೀಸಲಾದದ್ದಲ್ಲ. ಅಥೀನಾ, ಡಿಮೀಟರ್, ಆರ್ಟೆಮಿಸ್, ಡಯೋನಿಸಸ್, ಪಾನ್, ಅಡೋನಿಸ್ ಎಲ್ಲರ ಆರಾಧನೆಯಲ್ಲೂ ಇರುಳಿಗೆ ಪಾಲಿತ್ತು. ಗ್ರೀಕರ ಧರ್ಮ ಎಂದಾಗ ನಮ್ಮ ಕಣ್ಣೆದುರು ಬರುವುದು ಬಿಸಿಲಿನಲ್ಲಿ ಬೆಳಗುವ ಅಮೃತಶಿಲೆ. ಪಾರ್ಥೆನಾನ್ ಗುಡಿಯ ಸುತ್ತ ಸುಮಾರು 160 ಮೀಟರ್ ಉದ್ದಕ್ಕೆ ಕೆತ್ತಿದ ಶಿಲ್ಪಪಟ್ಟಿಕೆಯಲ್ಲಿ ಕುದುರೆ ಸವಾರರಿದ್ದಾರೆ, ಬಲಿಯ ಹಸುಗಳಿವೆ, ಪಾತ್ರೆ ಹೊತ್ತು ತಲೆ ತಗ್ಗಿಸಿ ನಡೆಯುವ ಕನ್ಯೆಯರಿದ್ದಾರೆ. ಎಲ್ಲವೂ ಹಗಲಿನ ಮೆರವಣಿಗೆ. ಅದೇ ಹಬ್ಬದ ರಾತ್ರಿ ಆ ಕನ್ಯೆಯರು ಬೆಟ್ಟದ ಮೇಲೆ ಬೆಳಗಿನವರೆಗೆ ಕುಣಿಯುತ್ತಿದ್ದರು. ಅದನ್ನು ಯಾವ ಶಿಲ್ಪಿಯೂ ಆ ಕಲ್ಲಿಗಿಳಿಸಲಿಲ್ಲ. ಇರುಳಿನ ಅರ್ಧ ನಮಗೆ ಸಿಗುವುದು ಚೂರುಚೂರಾಗಿ: ನಾಟಕದ ಪಾತ್ರವೊಂದರ ಗೋಳಿನಲ್ಲಿ, ಖರ್ಚಿನ ಲೆಕ್ಕದ ಶಾಸನದಲ್ಲಿ, ಊಟದ ಕೂಟದ ಬಗೆಗಿನ ಪುಸ್ತಕದ ನಡುವಿನ ಒಂದು ಮಾತಿನಲ್ಲಿ. ಈ ಅರ್ಧ ಬಹುಮಟ್ಟಿಗೆ ಹೆಂಗಸರದು, ಅವರ ಜತೆಗೆ ಗುಲಾಮರದು, ಹೊರನಾಡಿನಿಂದ ಬಂದವರದು. ಅದನ್ನು ಬಿಟ್ಟು ಗ್ರೀಕರ ಧರ್ಮವನ್ನು ಅರಿತೆವು ಎಂದುಕೊಂಡರೆ ಅವರ ದೇವರುಗಳಿಗೂ ಅವರ ಹೆಣ್ಣುಮಕ್ಕಳಿಗೂ ಅನ್ಯಾಯ ಮಾಡಿದಂತೆ.

ಅಥೆನ್ಸಿನಲ್ಲಿ ದಿನ ಶುರುವಾಗುತ್ತಿದ್ದುದು ಸೂರ್ಯ ಮುಳುಗಿದಾಗ. ಹಾಗಾಗಿ ಹಬ್ಬದ ದಿನದ ಮೊದಲ ಭಾಗವೇ ರಾತ್ರಿ. ಮೆರವಣಿಗೆ, ಬಲಿ, ಮಾಂಸದೂಟ ಬರುವುದು ಆಮೇಲೆ. ನಗರದ ಅತಿ ದೊಡ್ಡ ಹಬ್ಬವಾದ ಪಾನಾಥೆನೇಯಾ ಬೀಳುತ್ತಿದ್ದುದು ಹೆಕಟೊಂಬಯಾನ್ ಮಾಸದ 28ನೆಯ ದಿನ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ. ಚಾಂದ್ರಮಾನದ ಲೆಕ್ಕದಲ್ಲಿ ಅದು ತಿಂಗಳ ಕೊನೆ, ಅಮಾವಾಸ್ಯೆಗೆ ಹತ್ತಿರ. ಬೆಳಗಿನ ಜಾವಕ್ಕೆ ತೆಳ್ಳನೆಯ ಚಂದ್ರ ಮೂಡಿದರೆ ಉಂಟು, ಇಲ್ಲದಿದ್ದರೆ ರಾತ್ರಿಯೆಲ್ಲ ನಕ್ಷತ್ರ ಮತ್ತು ಪಂಜು. ಅಷ್ಟು ಕತ್ತಲಿನ ರಾತ್ರಿಯನ್ನು ಅಥೀನಾಳ ಹಬ್ಬಕ್ಕೆ ಇಟ್ಟುಕೊಂಡಿದ್ದರು ಎಂಬುದನ್ನು ಗಮನಿಸಬೇಕು, ಏಕೆಂದರೆ ಆ ರಾತ್ರಿಯ ಮುಖ್ಯ ವಸ್ತುವೇ ಬೆಂಕಿ. ಊರ ಹೊರಗಿನ ಅಕಾಡೆಮಿಯಲ್ಲಿದ್ದ ಪ್ರಮೀಥಿಯಸ್‌ನ ಬಲಿಪೀಠದ ಬಳಿ ಹೊತ್ತಿಸಿದ ಪಂಜನ್ನು ಹಿಡಿದು ಹುಡುಗರು ನಗರದೊಳಕ್ಕೆ ಓಡಬೇಕು, ಪಂಜು ಆರಬಾರದು. ಅರಿಸ್ಟೋಫನೀಸ್‌ನ ‘ಕಪ್ಪೆಗಳು’ ನಾಟಕದಲ್ಲಿ ಈ ಓಟದ ಒಂದು ನೋಟ ಉಳಿದಿದೆ: ಎಲ್ಲರಿಗಿಂತ ಹಿಂದೆ ಬಿದ್ದು ಏದುಸಿರು ಬಿಡುತ್ತ ಬಂದ ದಢೂತಿ ಓಟಗಾರನೊಬ್ಬನಿಗೆ ಕೆರಮೈಕಸ್ ಬಾಗಿಲಲ್ಲಿ ನಿಂತ ಜನ ಹೊಟ್ಟೆಗೆ, ಪಕ್ಕೆಗೆ, ಕುಂಡೆಗೆ ಅಂಗೈಯಿಂದ ಬಾರಿಸುತ್ತಾರೆ.

ಹುಡುಗರ ಓಟ ಮುಗಿದ ಮೇಲೆ ರಾತ್ರಿ ಹುಡುಗಿಯರ ಪಾಲಾಗುತ್ತಿತ್ತು. ಯೂರಿಪಿಡೀಸ್ ತನ್ನ ‘ಹೆರಾಕ್ಲಿಸ್‌ನ ಮಕ್ಕಳು’ ನಾಟಕದ ಮೇಳದ ಹಾಡಿನಲ್ಲಿ ಅಥೀನಾಳನ್ನು ಕರೆಯುವಾಗ ಇದನ್ನು ನೆನೆಯುತ್ತಾನೆ: ತಿಂಗಳು ಕ್ಷೀಣಿಸುವ ದಿನ, ಗಾಳಿ ಬೀಸುವ ಬೆಟ್ಟ, ರಾತ್ರಿಯಿಡೀ ನೆಲಕ್ಕೆ ಬಡಿಯುವ ಕನ್ಯೆಯರ ಪಾದ, ಅವರು ಗಂಟಲೆತ್ತಿ ಹಾಕುವ ಹರ್ಷದ ಕೂಗು. ಗಾಳಿ ಬೀಸುವ ಬೆಟ್ಟ ಎಂದರೆ ಅಕ್ರೊಪೊಲಿಸ್. ಮದುವೆಯಾಗುವವರೆಗೆ ಅಂಗಳ ದಾಟದಂತೆ ಬೆಳೆಸಿದ ಒಳ್ಳೆಯ ಮನೆತನದ ಹುಡುಗಿಯರು, ವರ್ಷದ ಈ ಒಂದು ರಾತ್ರಿ ನಗರದ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ನಿಂತು ಇಡೀ ಊರಿಗೆ ಕೇಳುವಂತೆ ಕೂಗಬಹುದಿತ್ತು. ಕೂಗಬೇಕಿತ್ತು ಎಂದರೂ ಸರಿಯೇ. ಆ ಕೂಗು ದೇವಿಗೆ ಸಲ್ಲಬೇಕಾದದ್ದು.

ಇದು ಮರೆಯಲ್ಲಿ ನಡೆದದ್ದೂ ಅಲ್ಲ. ಕ್ರಿ.ಪೂ. 4ನೆಯ ಶತಮಾನದ 330ರ ದಶಕದ ಒಂದು ಶಾಸನ ಪ್ರತಿವರ್ಷದ ಪಾನಾಥೆನೇಯಾದ ಏರ್ಪಾಡನ್ನು ವಿವರಿಸುತ್ತದೆ. ಹಬ್ಬದ ಅಧಿಕಾರಿಗಳು ದೇವಿಗಾಗಿ ರಾತ್ರಿಯ ಉತ್ಸವವನ್ನು ಆದಷ್ಟು ಚೆನ್ನಾಗಿ ನಡೆಸಬೇಕು, ಸೂರ್ಯ ಹುಟ್ಟುತ್ತಲೇ ಮೆರವಣಿಗೆ ಹೊರಡಿಸಬೇಕು, ಮಾತು ಕೇಳದವರನ್ನು ದಂಡಿಸಬೇಕು ಎಂದು ಅದರಲ್ಲಿದೆ. ಬಲಿಯ ಹಸುಗಳನ್ನು ಕೊಳ್ಳಲು 41 ಮಿನಾ, ಅಂದರೆ 4,100 ದ್ರಾಖ್ಮಾ. ಮೆರವಣಿಗೆ, ಮಾಂಸ ಕಡಿಯುವವರ ಕೂಲಿ, ಬಲಿಪೀಠದ ಅಲಂಕಾರ ಮತ್ತು ರಾತ್ರಿಯ ಉತ್ಸವ ಎಲ್ಲಕ್ಕೂ ಸೇರಿ ಬರೀ 50 ದ್ರಾಖ್ಮಾ. ಕುಣಿಯುವ ಕಾಲಿಗೆ, ಹಾಡುವ ಗಂಟಲಿಗೆ ಖಜಾನೆಯ ಹಣ ಹೆಚ್ಚು ಬೇಕಿರಲಿಲ್ಲ. ಆದರೂ ಆ ರಾತ್ರಿಯ ಹೆಸರು ಸರ್ಕಾರದ ಲೆಕ್ಕದಲ್ಲಿ ಬಂದಿದೆ. ಹೆಣ್ಣುಮಕ್ಕಳು ಎಚ್ಚರವಿದ್ದು ಕುಣಿಯುವುದು ನಗರದ ಕ್ಷೇಮಕ್ಕೆ ಬೇಕಾದ ಕೆಲಸ ಎಂದು ಆಡಳಿತವೇ ಒಪ್ಪಿಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇರೆ ಕಂಡಿಲ್ಲ.

ನಿದ್ದೆಯ ಜತೆಗಿನ ಜಗ್ಗಾಟಕ್ಕೂ ಒಂದು ಏರ್ಪಾಡಿತ್ತು. ಹುರಿದ ಗೋಧಿಯನ್ನು ಜೇನಿನಲ್ಲಿ ಅದ್ದಿ ಮಾಡಿದ ಒಂದು ಸಿಹಿಯನ್ನು ರಾತ್ರಿಯುತ್ಸವದಲ್ಲಿ ಬೆಳಗಿನವರೆಗೆ ಕಣ್ಣು ಮುಚ್ಚದೆ ಉಳಿದವರಿಗೆ ಬಹುಮಾನವಾಗಿ ಇಡುತ್ತಿದ್ದರು ಎಂದು ಊಟದ ಕೂಟದ ಬಗೆಗಿನ ತನ್ನ ಪುಸ್ತಕದಲ್ಲಿ ಅಥಿನೇಯಸ್ ಬರೆದಿಟ್ಟಿದ್ದಾನೆ. ಅಲೆಕ್ಸಾಂಡ್ರಿಯಾದ ಕವಿ ಕ್ಯಾಲಿಮಾಕಸ್‌ನ ಒಂದು ಹರಿದ ಪದ್ಯದಲ್ಲೂ ಇಂಥ ಬಹುಮಾನದ ಮಾತು ಬರುತ್ತದೆ. ಶಿವರಾತ್ರಿಯ ಜಾಗರಣೆಯಲ್ಲಿ ಎಚ್ಚರವಿರುವುದೇ ವ್ರತ, ನಿದ್ದೆ ಹೋದರೆ ವ್ರತಭಂಗ. ಗ್ರೀಕರಲ್ಲಿ ತೂಕಡಿಸಿದವರಿಗೆ ಪಾಪವೇನೂ ತಗಲುತ್ತಿರಲಿಲ್ಲ, ಸಿಹಿ ತಪ್ಪುತ್ತಿತ್ತು ಅಷ್ಟೆ. ಅವರ ಇರುಳು ತಪಸ್ಸಿಗಿಂತ ಹೆಚ್ಚಾಗಿ ಸಂಭ್ರಮ. ಆ ಸಂಭ್ರಮವೇ ದೇವರಿಗೆ ಕೊಡುವ ಕಾಣಿಕೆ.

ಪಿರಿಯಸ್‌ನ ಬೆಂಡಿಸ್ ದೇವಿಯ ಕಥೆ ಸಾಕ್ರಟೀಸ್ ಊಟಕ್ಕೆ ಹೋದಲ್ಲಿಗೆ ನಿಲ್ಲುವುದಿಲ್ಲ. ಕ್ರಿ.ಪೂ. 3ನೆಯ ಶತಮಾನದ ಇನ್ನೊಂದು ಶಾಸನದಲ್ಲಿ ಥ್ರೇಸಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ: ನೆಲ ಕೊಂಡು ಗುಡಿ ಕಟ್ಟುವ ಹಕ್ಕನ್ನು, ನಗರದ ಪವಿತ್ರ ಒಲೆಯಿಂದಲೇ ಮೆರವಣಿಗೆ ಹೊರಡಿಸುವ ಹಕ್ಕನ್ನು ಅಥೆನ್ಸಿನ ಜನ ಬೇರೆ ಜನಾಂಗಗಳಿಗೆ ಕೊಡದೆ ತಮಗೆ ಕೊಟ್ಟಿದ್ದಾರೆ, ಡೊಡೋನಾದ ದೇವವಾಣಿಯ ಮೇರೆಗೆ ಕೊಟ್ಟಿದ್ದಾರೆ. ನಗರದಿಂದ ಬಂದರಿನವರೆಗೆ ಬಿಸಿಲಲ್ಲಿ ನಡೆದು ಬಂದವರಿಗೆ ಪಿರಿಯಸ್‌ನವರು ಏನು ಕೊಡಬೇಕೆಂದೂ ಅದರಲ್ಲಿ ಬರೆದಿದೆ: ಸ್ಪಂಜು, ಬೋಗುಣಿಯಲ್ಲಿ ನೀರು, ಹೂಮಾಲೆ, ಗುಡಿಯಲ್ಲಿ ಊಟ. ಪಾಂಡಿತ್ಯದ ಪುಸ್ತಕಗಳು ಈ ಶಾಸನವನ್ನು ಹೊರಗಿನವರಿಗೆ ದೊರೆತ ಕಾನೂನಿನ ಹಕ್ಕಿಗಾಗಿ ಚರ್ಚಿಸುತ್ತವೆ. ನನಗೆ ಆ ಸ್ಪಂಜೂ ಬೋಗುಣಿಯೂ ಅಷ್ಟೇ ಮುಖ್ಯ. ಪರನಾಡಿನ ದೇವಿಯೊಬ್ಬಳು ಊರಿಗೆ ಸೇರುವುದು ಹಕ್ಕುಪತ್ರದಿಂದ ಮಾತ್ರವಲ್ಲ, ಧೂಳು ಮೆತ್ತಿದ ಮೈಗೆ ಸಿಕ್ಕ ತಣ್ಣೀರಿನಿಂದಲೂ.

ಇನ್ನು ಖಜಾನೆಯಿಂದ ಒಂದು ಕಾಸೂ ಸಿಗದ ಹಬ್ಬವೊಂದಿತ್ತು: ಅಡೋನಿಯಾ. ಅಫ್ರೊಡೈಟಿಯ ಪ್ರಿಯಕರ, ಎಳೆಯ ವಯಸ್ಸಿಗೇ ಸತ್ತ ಅಡೋನಿಸ್‌ಗಾಗಿ ಹೆಂಗಸರು ಆಚರಿಸುತ್ತಿದ್ದ ಹಬ್ಬ ಇದು. ಒಡೆದ ಗಡಿಗೆಗಳಲ್ಲಿ ಮಣ್ಣು ತುಂಬಿ ಲೆಟ್ಯೂಸ್ ಸೊಪ್ಪು, ಸೋಂಪು, ಗೋಧಿ ಬಿತ್ತುತ್ತಿದ್ದರು. ಬೇಸಿಗೆಯ ಬಿಸಿಗೆ ಬೇಗ ಮೊಳೆತು ಅಷ್ಟೇ ಬೇಗ ಬಾಡುವ ಈ ತೋಟಗಳನ್ನು ಏಣಿ ಹತ್ತಿ ಮಾಳಿಗೆಗೆ ಒಯ್ದು, ಅಲ್ಲಿ ರಾತ್ರಿ ಕುಣಿದು, ಎದೆ ಬಡಿದುಕೊಂಡು ಅತ್ತು, ಬೊಂಬೆಗಳಿಗೆ ಶವಸಂಸ್ಕಾರ ಮಾಡುತ್ತಿದ್ದರು. ಜರ್ಮನಿಯ ಕಾರ್ಲ್ಸ್‌ರೂಹೆ ಸಂಗ್ರಹಾಲಯದಲ್ಲಿರುವ ಒಂದು ಪುಟ್ಟ ಕುಡಿಕೆಯ ಮೇಲೆ ಈ ಚಿತ್ರವಿದೆ: ಹೆಂಗಸೊಬ್ಬಳು ಏಣಿಯ ಮೆಟ್ಟಿಲ ಮೇಲೆ, ಅವಳ ಕೈಗೆ ಒಡಕು ಗಡಿಗೆಯ ತೋಟವನ್ನು ಎತ್ತಿ ಕೊಡುತ್ತಿರುವ ರೆಕ್ಕೆಯ ಕಾಮದೇವ.

ಹತ್ತಿರ ಹತ್ತಿರದ ಮಾಳಿಗೆಗಳ ಮೇಲೆ ರಾತ್ರಿಯಲ್ಲಿ ಎದ್ದ ಈ ಹಾಡು ಬೀದಿಗೆಲ್ಲ ಕೇಳುತ್ತಿತ್ತು, ಗಂಡಸರಿಗೆ ಕಿರಿಕಿರಿಯಾಗುತ್ತಿತ್ತು. ಕ್ರಿ.ಪೂ. 411ರ ‘ಲೈಸಿಸ್ಟ್ರಾಟಾ’ದಲ್ಲಿ ಅರಿಸ್ಟೋಫನೀಸ್‌ನ ಒಬ್ಬ ಮುದಿ ಅಧಿಕಾರಿ ಇದನ್ನೇ ದೂರುತ್ತಾನೆ. ಸಿಸಿಲಿಗೆ ನೌಕಾಪಡೆ ಕಳುಹಿಸಬೇಕೆಂದು ಡೆಮಾಸ್ಟ್ರಟಸ್ ಸಭೆಯಲ್ಲಿ ಭಾಷಣ ಮಾಡುತ್ತಿದ್ದಾಗ, ಅವನ ಹೆಂಡತಿ ಮಾಳಿಗೆಯ ಮೇಲೆ ಕುಡಿದು ಕುಣಿಯುತ್ತ ಅಡೋನಿಸ್‌ಗಾಗಿ ಎದೆ ಬಡಿದುಕೊಳ್ಳಿರೆಂದು ಕೂಗುತ್ತಿದ್ದಳಂತೆ. ಹೆಂಗಸರ ಲಂಗುಲಗಾಮಿಲ್ಲದ ನಡತೆ ಎಂಬುದು ಆ ಅಧಿಕಾರಿಯ ಅಭಿಪ್ರಾಯ. ನಾಟಕ ನೋಡುತ್ತ ಕುಳಿತ ಅಥೆನ್ಸಿನವರಿಗೆ ಗೊತ್ತಿತ್ತು: ಕ್ರಿ.ಪೂ. 415ರಲ್ಲಿ ಹೊರಟ ಆ ಪಡೆ ಎರಡೇ ವರ್ಷದಲ್ಲಿ ಸಿಸಿಲಿಯಲ್ಲಿ ಸಂಪೂರ್ಣ ನಾಶವಾಗಿತ್ತು, ಸಾವಿರಾರು ತರುಣರು ಮರಳಿರಲಿಲ್ಲ. ಸಭೆಯಲ್ಲಿ ಮಾತಾಡುತ್ತಿದ್ದ ಗಂಡ, ಮಾಳಿಗೆಯ ಮೇಲೆ ಸತ್ತ ಯುವಕನಿಗಾಗಿ ಅಳುತ್ತಿದ್ದ ಹೆಂಡತಿ, ಇಬ್ಬರಲ್ಲಿ ಯಾರ ಧ್ವನಿಗೆ ಕಿವಿಗೊಡಬೇಕಿತ್ತು ಎಂದು ಅವರಲ್ಲಿ ಕೆಲವರಾದರೂ ಯೋಚಿಸಿರಬೇಕು.

ಈ ಇರುಳುಗಳಿಗೆ ಒಂದು ಕರಾಳ ಮುಖವಿತ್ತು. ಅದನ್ನು ಹೇಳದೆ ಮುಂದೆ ಹೋಗಲಾರೆ. ಮೆನಾಂಡರ್ ಕ್ರಿ.ಪೂ. 4ನೆಯ ಶತಮಾನದ ಕೊನೆಯಲ್ಲಿ ಬರೆದ ಸಂಸಾರದ ಹಾಸ್ಯನಾಟಕಗಳು ಬಹುಕಾಲ ಕಳೆದುಹೋಗಿದ್ದವು. 20ನೆಯ ಶತಮಾನದಲ್ಲಿ ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಹಸ್ತಪ್ರತಿಗಳಿಂದ ಕೆಲವು ಮರಳಿ ಬಂದವು. ಅವುಗಳಲ್ಲಿ ‘ಸಾಮಿಯಾ’ ನಾಟಕದ ತರುಣ ಮೊಸ್ಕಿಯಾನ್ ಪ್ರೇಕ್ಷಕರ ಮುಂದೆ ಬಂದು ತನ್ನ ಕಥೆ ಹೇಳುತ್ತಾನೆ: ಮನೆಯಲ್ಲಿ ಅಡೋನಿಯಾ ನಡೆಯುತ್ತಿತ್ತು, ಹೆಂಗಸರು ತೋಟಗಳನ್ನು ಮಾಳಿಗೆಗೆ ಹೊತ್ತು ಕುಣಿಯುತ್ತಿದ್ದರು, ಗದ್ದಲಕ್ಕೆ ನಿದ್ದೆ ಬರಲಿಲ್ಲ, ಆಮೇಲಿನದನ್ನು ಹೇಳಲು ನಾಚಿಕೆಯಾಗುತ್ತದೆ, ಪಕ್ಕದ ಮನೆಯ ಹುಡುಗಿ ಬಸಿರಾದಳು. ಆ ಹುಡುಗಿಯ ಹೆಸರು ಪ್ಲಾಂಗಾನ್. ನಾಟಕದುದ್ದಕ್ಕೂ ಅವಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.

‘ಎಪಿಟ್ರೆಪಾಂಟೀಸ್’ ನಾಟಕದಲ್ಲಿ ಅದೇ ಅಪರಾಧ ಆರ್ಟೆಮಿಸ್ ದೇವಿಯ ಟಾರೊಪೋಲಿಯಾ ಹಬ್ಬದ ರಾತ್ರಿ ನಡೆಯುತ್ತದೆ. ಆ ರಾತ್ರಿ ಹುಡುಗಿಯರ ಕುಣಿತಕ್ಕೆ ತಂತಿವಾದ್ಯ ನುಡಿಸಿದ್ದ ಹಬ್ರೊಟೊನಾನ್ ಎಂಬ ವೇಶ್ಯೆಗೆ ಮಾತ್ರ ಆ ನೆನಪಿದೆ. ಜತೆಯವರಿಂದ ತಪ್ಪಿಹೋಗಿದ್ದ ಹುಡುಗಿಯೊಬ್ಬಳು ಒಬ್ಬಳೇ ಅಳುತ್ತ, ಕೂದಲು ಕಿತ್ತುಕೊಳ್ಳುತ್ತ ಓಡಿ ಬಂದಳು, ಅವಳ ತೆಳುವಾದ ಚೆಂದದ ಹೊದಿಕೆ ಹರಿದು ಚಿಂದಿಯಾಗಿತ್ತು ಎಂದು ಅವಳು ಹೇಳುವ ನಾಲ್ಕು ಸಾಲಿನಷ್ಟು ನೋವಿನದು ಆ ಕಾಲದ ರಂಗಭೂಮಿಯಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ. ಕಥೆ ಮುಂದೆ ಹೋದಂತೆ ಹುಡುಗಿ ಪಾಂಫಿಲೆ ಮದುವೆಯಾದದ್ದು ತನ್ನ ಮೇಲೆ ಕೈ ಮಾಡಿದವನನ್ನೇ ಎಂದು ತಿಳಿಯುತ್ತದೆ. ಅದು ತಿಳಿಯದ ಗಂಡ ಕರೀಸಿಯಸ್, ಮದುವೆಗೆ ಮುಂಚೆ ಬಸಿರಾದವಳು ಎಂದು ಅವಳನ್ನೇ ದೂರ ಇಟ್ಟಿರುತ್ತಾನೆ. ಕೊನೆಗೆ ಅವನು ತನ್ನನ್ನೇ ಶಪಿಸಿಕೊಳ್ಳುವಂತೆ ಮೆನಾಂಡರ್ ಮಾಡಿದ್ದಾನೆ, ಅದು ಅವನ ದೊಡ್ಡತನ. ಆದರೆ ಈ ನಾಟಕಗಳೆಲ್ಲ ಮದುವೆಯಲ್ಲೋ ಸಂಸಾರ ಕೂಡುವುದರಲ್ಲೋ ಮುಗಿದು, ಆ ರಾತ್ರಿಯನ್ನು ಕಥೆಯ ಒಂದು ಗಂಟು ಮಾತ್ರ ಮಾಡಿಬಿಡುತ್ತವೆ. ರೋಮಿನ ಪ್ಲಾಟಸ್ ಕೂಡ ತನ್ನ ‘ಔಲುಲಾರಿಯಾ’ದಲ್ಲಿ ಸಿರಿಸ್ ದೇವಿಯ ಜಾಗರಣೆಯ ರಾತ್ರಿಯನ್ನು ಹೀಗೆಯೇ ಬಳಸಿಕೊಂಡ. ಮತ್ತೆ ಮತ್ತೆ ಒಂದೇ ಗಂಟು ಬರುವುದನ್ನು ಓದುವಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಒಳ್ಳೆಯ ಮನೆತನದ ಹುಡುಗಿಯನ್ನು ಅಪರಿಚಿತ ಗಂಡು ನೋಡಲು ಸಾಧ್ಯವಿದ್ದ ಜಾಗ ನಾಟಕಕಾರನಿಗೆ ಬೇಕೆಂದಾಗ ಅವನ ಕೈಗೆ ಸುಲಭವಾಗಿ ಸಿಗುತ್ತಿದ್ದುದು ಹಬ್ಬದ ಇರುಳು. ಉಳಿದ ಕಾಲವೆಲ್ಲ ಅವಳ ಬಾಳು ಎಷ್ಟು ಮುಚ್ಚಿಕೊಂಡಿತ್ತು ಎಂಬುದನ್ನೂ ಈ ಕಥೆಗಳು ತಿಳಿಯದೆಯೇ ಹೇಳಿಬಿಡುತ್ತವೆ.

ಅದೇ ಮೆನಾಂಡರ್‌ನ ‘ಡಿಸ್ಕೊಲಸ್’ ಕ್ರಿ.ಪೂ. 316ರದು. ಅದರ ಕೊನೆಯಲ್ಲಿ ಪಾನ್ ದೇವರ ಗವಿಯೊಳಗೆ ಗಂಡಸರಿಗೆ ಕುಡಿತದ ಕೂಟ, ಹೆಂಗಸರಿಗೆ ರಾತ್ರಿಯ ಜಾಗರಣೆ ಏರ್ಪಾಡಾಗುತ್ತದೆ, ಯಾರಿಗೂ ಕೇಡಾಗುವುದಿಲ್ಲ. ಫೈಲಿ ಬಳಿಯ ಪಾರ್ನೆಸ್ ಬೆಟ್ಟದಲ್ಲಿ ಆ ಗವಿ ಈಗಲೂ ಇದೆ. ಅಗೆದಾಗ ರೋಮನ್ ಕಾಲದ ಮಣ್ಣಿನ ಹಣತೆಗಳು ರಾಶಿರಾಶಿ ಸಿಕ್ಕವು. ಸುತ್ತಲಿನವರು ಅದನ್ನು ದೀಪಗಳ ಗವಿ ಎಂದೇ ಕರೆಯುತ್ತಾರೆ.

ನಗರದ ಗೋಡೆ ದಾಟಿ ಬೆಟ್ಟಕ್ಕೆ ಹೋಗುತ್ತಿದ್ದವರ ಕಥೆಯೇ ಬೇರೆ. ಡೆಲ್ಫಿಯ ನೆತ್ತಿಯ ಮೇಲೆ 2,457 ಮೀಟರ್ ಎತ್ತರದ ಪಾರ್ನಾಸಸ್ ಪರ್ವತವಿದೆ. ಎರಡು ವರ್ಷಕ್ಕೊಮ್ಮೆ ನಡುಚಳಿಗಾಲದಲ್ಲಿ ಥೈಯಡ್‌ಗಳೆಂಬ ಹೆಂಗಸರು ಡಯೋನಿಸಸ್‌ನನ್ನು ಆರಾಧಿಸಲು ಅದನ್ನೇರುತ್ತಿದ್ದರು. ಡೆಲ್ಫಿಯವರ ಜತೆ ಸೇರಲು ಅಥೆನ್ಸಿನಿಂದಲೂ ಹೆಂಗಸರು ದಾರಿಯುದ್ದಕ್ಕೂ ಊರೂರಲ್ಲಿ ಕುಣಿಯುತ್ತ ಬರುತ್ತಿದ್ದರು. ಪ್ರವಾಸಿ ಪೌಸೇನಿಯಸ್‌ಗೆ ಪಾನೊಪಿಯಸ್ ಎಂಬ ಊರಿಗೆ ಹೋಮರ್ ಕುಣಿತದ ಬಯಲಿನ ಬಿರುದು ಕೊಟ್ಟದ್ದೇಕೆಂದು ಅರ್ಥವಾಗಿರಲಿಲ್ಲ. ಅಥೆನ್ಸಿನ ಥೈಯಡ್‌ಗಳೇ ಅವನಿಗೆ ವಿವರಿಸಿದರು. ಶಿಖರ ಮೋಡಕ್ಕಿಂತ ಮೇಲಿದೆ, ಹಗುರ ಬಟ್ಟೆಯ ಗಂಡಸಿಗೂ ಅಲ್ಲಿಗೆ ಹತ್ತುವುದು ಕಷ್ಟ ಎಂದು ಅವನು ಬರೆಯುತ್ತಾನೆ. ಪ್ಲುಟಾರ್ಕ್ ಡೆಲ್ಫಿಯಲ್ಲಿ ಅರ್ಚಕನಾಗಿದ್ದವನು, ಆದ್ದರಿಂದ ಅವನ ಮಾತಿಗೆ ತೂಕ ಹೆಚ್ಚು. ಒಮ್ಮೆ ಬಿರುಗಾಳಿ, ಹಿಮಪಾತಕ್ಕೆ ಸಿಕ್ಕ ಥೈಯಡ್‌ಗಳನ್ನು ಕಾಪಾಡಲು ಮೇಲೆ ಹೋದವರ ಹೊದಿಕೆಗಳು ಹೆಪ್ಪುಗಟ್ಟಿ ಮರದ ಹಲಗೆಯಂತೆ ಸೆಟೆದು, ಬಿಡಿಸಹೋದರೆ ಸೀಳಿಹೋದವು ಎಂದು ಅವನು ದಾಖಲಿಸಿದ್ದಾನೆ. ನಾಟಕದ ಉನ್ಮತ್ತ ಹೆಂಗಸರು ಕವಿಯ ಕಲ್ಪನೆ ಎಂದುಕೊಳ್ಳುವವರು ಈ ಹೆಪ್ಪುಗಟ್ಟಿದ ಹೊದಿಕೆಗಳನ್ನು ನೆನಪಿಡಬೇಕು.

ಅವನೇ ಹೇಳುವ ಇನ್ನೊಂದು ಘಟನೆಗಾಗಿ ನಾನು ಈ ಲೇಖನ ಬರೆಯಲು ಹೊರಟೆ ಎಂದರೆ ತಪ್ಪಾಗದು. ಕ್ರಿ.ಪೂ. 356ರಿಂದ 346ರವರೆಗೆ ಡೆಲ್ಫಿಯ ಒಡೆತನಕ್ಕಾಗಿ ಯುದ್ಧ ನಡೆದಿತ್ತು, ಫೋಕಿಸಿನ ಸೇನಾಧಿಪತಿಗಳು ಡೆಲ್ಫಿಯನ್ನು ಹಿಡಿದಿದ್ದರು. ಆ ಕಾಲದ ಒಂದು ರಾತ್ರಿ ಥೈಯಡ್‌ಗಳು ಆವೇಶದಲ್ಲಿ ಅಲೆಯುತ್ತ ದಾರಿ ತಿಳಿಯದೆ ಆಂಫಿಸಾ ಎಂಬ ಊರಿಗೆ ಬಂದುಬಿಟ್ಟರು. ಮೈಮೇಲಿನ ಆವೇಶ ಇನ್ನೂ ಇಳಿದಿರಲಿಲ್ಲ. ದಣಿದು ಊರ ನಡುವಿನ ಸಂತೆಬಯಲಿನಲ್ಲೇ ಬಿದ್ದಲ್ಲಿ ನಿದ್ದೆ ಹೋದರು. ಊರು ಫೋಕಿಸಿನವರ ಮಿತ್ರಪಕ್ಷ, ಊರ ತುಂಬ ಸೈನಿಕರು. ಈ ಹೆಂಗಸರಿಗೆ ಏನಾದರೂ ಅವಮಾನವಾದೀತೆಂದು ಹೆದರಿದ ಆಂಫಿಸಾದ ಗೃಹಿಣಿಯರೆಲ್ಲ ಮನೆಗಳಿಂದ ಓಡಿ ಬಂದರು. ಮಲಗಿದವರ ಸುತ್ತ ವೃತ್ತವಾಗಿ ನಿಂತರು. ಎಬ್ಬಿಸಲಿಲ್ಲ, ಹತ್ತಿರ ಹೋಗಲಿಲ್ಲ, ಮಾತಾಡಲಿಲ್ಲ. ಒಬ್ಬೊಬ್ಬರೇ ಎದ್ದ ಮೇಲೆ ಒಬ್ಬೊಬ್ಬರನ್ನೂ ಉಪಚರಿಸಿ, ಊಟ ಕೊಟ್ಟು, ಗಂಡಂದಿರ ಒಪ್ಪಿಗೆ ಕೇಳಿ, ಗಡಿಯವರೆಗೆ ಜತೆ ಹೋಗಿ ಬಿಟ್ಟುಬಂದರು.

ಪ್ಲುಟಾರ್ಕ್ ಇದನ್ನು ‘ಹೆಂಗಸರ ಸದ್ಗುಣಗಳು’ ಎಂಬ ಕೃತಿಯಲ್ಲಿ ಬರೆದ. ಆ ಕೃತಿಯನ್ನು ಅವನು ಬರೆದುಕೊಟ್ಟದ್ದು ಕ್ಲಿಯಾ ಎಂಬ ಗೆಳತಿಗೆ. ಅವಳು ಸ್ವತಃ ಡೆಲ್ಫಿಯ ಥೈಯಡ್‌ಗಳ ನಾಯಕಿ. ಅಂದರೆ ಈ ಕಥೆ ಹೇಳುತ್ತಿರುವುದು ಆ ಬೆಟ್ಟವನ್ನು ರಾತ್ರಿ ಏರುವವಳ ಮುಂದೆಯೇ, ತಪ್ಪಿದರೆ ತಿದ್ದಬಲ್ಲವಳ ಮುಂದೆ. ವಿಕ್ಟೋರಿಯಾ ರಾಣಿಯ ಕಾಲದ ಚಿತ್ರಕಾರ ಲಾರೆನ್ಸ್ ಆಲ್ಮಾ-ಟಡೇಮಾ 1887ರಲ್ಲಿ ಈ ಬೆಳಗನ್ನು ದೊಡ್ಡ ಕ್ಯಾನ್ವಾಸಿನ ಮೇಲೆ ಚಿತ್ರಿಸಿದ. ಬಿಳಿ ಬಟ್ಟೆಯ ಹೆಂಗಸರು ಅಮೃತಶಿಲೆಯ ನೆಲದ ಮೇಲೆ ಕಣ್ಣುಜ್ಜಿಕೊಂಡು ಏಳುತ್ತಿದ್ದಾರೆ, ಊರ ಹೆಂಗಸರು ತಿಂಡಿ ತಂದಿದ್ದಾರೆ. ಚಿತ್ರ ಚೆಂದವಾಗಿದೆ, ಆದರೆ ಅವನು ಚಿತ್ರಿಸಿದ್ದು ಬೆಳಗನ್ನು. ಸೈನಿಕರು ತುಂಬಿದ ಊರಿನಲ್ಲಿ, ಕತ್ತಲಲ್ಲಿ, ಅಪರಿಚಿತರ ನಿದ್ದೆಗೆ ಕಾವಲು ನಿಂತ ಆ ಕೆಲವು ತಾಸುಗಳೇ ನನಗೆ ಗ್ರೀಕರ ಅತಿ ದೊಡ್ಡ ಜಾಗರಣೆ. ಅದಕ್ಕೆ ಪಂಚಾಂಗದಲ್ಲಿ ದಿನ ಗೊತ್ತಾಗಿರಲಿಲ್ಲ.

ಡಿಮೀಟರ್ ದೇವಿಯ ರಹಸ್ಯ ದೀಕ್ಷೆ ನಡೆಯುತ್ತಿದ್ದ ಎಲ್ಯೂಸಿಸ್ ಬಗ್ಗೆ ಬರೆದವರು ಲೆಕ್ಕವಿಲ್ಲದಷ್ಟು ಮಂದಿ, ಹಾಗಾಗಿ ಇಲ್ಲಿ ಇರುಳಿಗೆ ಸಂಬಂಧಪಟ್ಟಷ್ಟೇ ಸಾಕು. ಮಗಳನ್ನು ಪಾತಾಳದ ದೊರೆ ಹೊತ್ತೊಯ್ದಾಗ ಡಿಮೀಟರ್ ಎರಡು ಕೈಯಲ್ಲೂ ಪಂಜು ಹಿಡಿದು ಒಂಬತ್ತು ದಿನ ಅನ್ನ ನೀರು ಮುಟ್ಟದೆ ಹುಡುಕಿದಳು ಎಂಬುದು ಪುರಾಣ. ಬೊಯಿಡ್ರೊಮಿಯಾನ್ ಮಾಸದಲ್ಲಿ, ಅಂದರೆ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ, ದೀಕ್ಷೆ ಪಡೆಯುವವರು ಅಥೆನ್ಸಿನಿಂದ ಎಲ್ಯೂಸಿಸ್‌ಗೆ ಸುಮಾರು 21 ಕಿಲೋಮೀಟರ್ ನಡೆದು, ಕತ್ತಲಾದ ಮೇಲೆ ಪಂಜುಗಳೊಡನೆ ಊರು ಮುಟ್ಟುತ್ತಿದ್ದರು. ಬಾಗಿಲ ಬಳಿಯ ಕಲ್ಲಿಖೊರಾನ್ ಬಾವಿಯ ಸುತ್ತ ಹೆಂಗಸರ ಕುಣಿತ ನಡೆಯುತ್ತಿತ್ತು. ಗ್ರೀಕ್ ಮಾತು ಬಲ್ಲ, ಕೈಗೆ ಕೊಲೆಯ ರಕ್ತ ಅಂಟದ ಯಾರು ಬೇಕಾದರೂ, ಹೆಂಗಸರೂ ಗುಲಾಮರೂ ಪರದೇಶದವರೂ, ದೀಕ್ಷೆ ಪಡೆಯಬಹುದಿತ್ತು. ನಂತರದ ರಾತ್ರಿ ಸುಮಾರು 51 ಮೀಟರ್ ಚದರದ, 42 ಕಂಬಗಳ ಟೆಲೆಸ್ಟೀರಿಯಾನ್ ಎಂಬ ಸಭಾಂಗಣದಲ್ಲಿ ಸಾವಿರಾರು ಜನ ಕತ್ತಲಲ್ಲಿ ಕಾಯುತ್ತಿದ್ದರು. ಒಳಗೆ ಕಂಡದ್ದನ್ನು ಹೊರಗೆ ಹೇಳಿದವರಿಗೆ ಮರಣದಂಡನೆ. ಆ ಗುಟ್ಟನ್ನು ಸಾವಿರ ವರ್ಷ ಅಷ್ಟೊಂದು ಮಂದಿ ಕಾಪಾಡಿದರು.

ಕ್ರಿ.ಪೂ. 480ರಲ್ಲಿ ಪರ್ಷಿಯದವರು ಬಂದಾಗ ಅಥೆನ್ಸ್ ಬರಿದಾಗಿತ್ತು, ಮೆರವಣಿಗೆ ಹೊರಡಲು ಜನರೇ ಇರಲಿಲ್ಲ. ಆಗ ಎಲ್ಯೂಸಿಸ್ ಕಡೆಯಿಂದ ಮೂವತ್ತು ಸಾವಿರ ಮಂದಿ ನಡೆದರೆ ಏಳುವಷ್ಟು ಧೂಳೆದ್ದು, ಅದರೊಳಗಿಂದ ದೀಕ್ಷಿತರ ‘ಇಯಾಖಸ್’ ಕೂಗು ಕೇಳಿತು ಎಂಬ ಕಥೆಯನ್ನು ಹೆರೊಡೋಟಸ್ ಬರೆದಿದ್ದಾನೆ. ಮನುಷ್ಯರಿಲ್ಲದಿದ್ದರೂ ದೇವರ ಮೆರವಣಿಗೆ ನಡೆಯಿತೆಂಬ ನಂಬಿಕೆ ಅದು. ಮುಂದೆ ನಡೆದದ್ದು ಸಲಾಮಿಸ್ ಕದನ. ಬಿ.ಎಂ.ಶ್ರೀ. ಅವರ ‘ಪಾರಸಿಕರು’ ನಾಟಕದ ಮೂಲಕ ಕನ್ನಡದ ಓದುಗರು ಕಂಡ ಪರ್ಷಿಯದವರ ಸೋಲು ಅದೇ.

ಕತ್ತಲಲ್ಲಿ ಸೇರಿದ ಹೆಂಗಸರ ಬಗ್ಗೆ ಅಧಿಕಾರಕ್ಕೆ ಇದ್ದ ಅನುಮಾನ ಹಳೆಯದು. ಯೂರಿಪಿಡೀಸ್‌ನ ‘ಬಾಕಾಯ್’ ನಾಟಕದಲ್ಲಿ ದೊರೆ ಪೆಂಥಿಯಸ್ ವೇಷ ಮರೆಸಿಕೊಂಡ ಡಯೋನಿಸಸ್‌ನನ್ನು ವಿಚಾರಣೆ ಮಾಡುತ್ತ ಕೇಳುವ ಒಂದು ಪ್ರಶ್ನೆಯೇ ಇದು: ನಿನ್ನ ಪೂಜೆ ನಡೆಯುವುದು ರಾತ್ರಿಯೋ ಹಗಲೋ? ಹೆಚ್ಚಾಗಿ ರಾತ್ರಿ, ಕತ್ತಲೆಗೆ ಒಂದು ಗಾಂಭೀರ್ಯವಿದೆ ಎಂಬುದು ದೇವರ ಉತ್ತರ. ಹೆಂಗಸರಿಗೆ ಅದು ಮೋಸದ ಹೊತ್ತು ಎಂದು ದೊರೆ ಹೇಳಿದಾಗ, ಹಗಲಲ್ಲೂ ಕೆಟ್ಟದ್ದು ಸಿಗುತ್ತದೆ ಎಂದು ದೇವರು ತಿರುಗಿ ಹೇಳುತ್ತಾನೆ. ರೋಮಿನಲ್ಲಿ ಈ ಅನುಮಾನಕ್ಕೆ ಕಾನೂನಿನ ಬಲ ಬಂತು. ಕ್ರಿ.ಪೂ. 186ರಲ್ಲಿ ಸೆನೆಟ್ ಇಟಲಿಯಾದ್ಯಂತ ಬ್ಯಾಕಸ್, ಅಂದರೆ ಡಯೋನಿಸಸ್ ದೇವರ ಕೂಟಗಳನ್ನು ಹತ್ತಿಕ್ಕಿತು; ಆ ಆಜ್ಞೆಯ ಕಂಚಿನ ಹಲಗೆ ವಿಯೆನ್ನಾದಲ್ಲಿದೆ. ಸಿಸೆರೊ ತನ್ನ ಆದರ್ಶ ಕಾನೂನಿನಲ್ಲಿ, ಜನತೆಯ ಪರವಾಗಿ ನಡೆಯುವ ವಿಧಿಯನ್ನು ಬಿಟ್ಟರೆ, ಹೆಂಗಸರ ರಾತ್ರಿಪೂಜೆಗಳನ್ನೇ ನಿಷೇಧಿಸಿದ. ಆದರೆ ಎಲ್ಯೂಸಿಸ್‌ನ ಮಾತು ಬಂದಾಗ ತಡೆದ: ಅವನೂ ಅವನ ಗೆಳೆಯ ಆಟಿಕಸ್‌ನೂ ಅಲ್ಲಿ ದೀಕ್ಷೆ ಪಡೆದವರು, ಅದನ್ನು ತೆಗೆದುಹಾಕಲು ಅವನ ಮನಸ್ಸು ಒಪ್ಪಲಿಲ್ಲ.

ಕ್ರಿ.ಶ. 364ರಲ್ಲಿ ಕ್ರೈಸ್ತ ಸಾಮ್ರಾಟ ವ್ಯಾಲೆಂಟಿನಿಯನ್ ರಾತ್ರಿಯ ಬಲಿಗಳನ್ನು ನಿಷೇಧಿಸಿ ಕಾನೂನು ತಂದ. ಆಗ ಗ್ರೀಸಿನ ಪ್ರಾಂತಾಧಿಕಾರಿಯಾಗಿದ್ದವನು ವೆಟಿಯಸ್ ಪ್ರೀಟೆಕ್ಸ್‌ಟೇಟಸ್, ಹಳೆಯ ದೇವರುಗಳನ್ನು ಬಿಡದ ರೋಮಿನ ಶ್ರೀಮಂತ. ಈ ಕಾನೂನು ಜಾರಿಯಾದರೆ ಗ್ರೀಕರಿಗೆ ಬಾಳುವುದೇ ಅಸಾಧ್ಯವಾಗುತ್ತದೆ, ಅತಿ ಪವಿತ್ರವಾದ ವಿಧಿಗಳನ್ನು ಮಾಡದಂತೆ ಅವರನ್ನು ತಡೆದಂತಾಗುತ್ತದೆ ಎಂದು ಅವನು ಸಾಮ್ರಾಟನಿಗೆ ತಿಳಿಸಿದ. ಪೂರ್ವಿಕರ ಪದ್ಧತಿಯಂತೆ ನಡೆಯಲಿ ಎಂದು ಸಾಮ್ರಾಟ ಸುಮ್ಮನಾದನಂತೆ. ಹೀಗೆಂದು ಇತಿಹಾಸಕಾರ ಜೋಸಿಮಸ್ ಬರೆದಿದ್ದಾನೆ. ಆ ಮಾತಿನಿಂದ ಎಲ್ಯೂಸಿಸ್‌ಗೆ ಇನ್ನೂ ಸುಮಾರು ಮೂವತ್ತು ವರ್ಷ ದಕ್ಕಿತು. 392ರಲ್ಲಿ ಥಿಯೊಡೋಸಿಯಸ್ ಎಲ್ಲ ಹಳೆಯ ಪೂಜೆಗಳನ್ನೂ ನಿಷೇಧಿಸಿದ. ಅದಾಗಿ ಕೆಲವೇ ವರ್ಷಕ್ಕೆ ಅಲಾರಿಕ್‌ನ ಗಾಥ್ ಪಡೆಗಳು ಗ್ರೀಸಿನ ಮೇಲೆ ಬಂದವು, ಎಲ್ಯೂಸಿಸ್ ಮತ್ತೆ ಏಳಲಿಲ್ಲ.

ಪ್ರೀಟೆಕ್ಸ್‌ಟೇಟಸ್ 384ರಲ್ಲಿ ತೀರಿಕೊಂಡ. ಅವನ ಸ್ಮಾರಕದ ಕಲ್ಲು ರೋಮಿನ ಕ್ಯಾಪಿಟೊಲೈನ್ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಅವನ ಹೆಂಡತಿ ಫೇಬಿಯಾ ಅಕೋನಿಯಾ ಪೌಲೀನಾಳ ಬಾಯಲ್ಲಿ ಒಂದು ದೀರ್ಘ ಲ್ಯಾಟಿನ್ ಪದ್ಯವಿದೆ. ಗಂಡ ತನ್ನನ್ನು ವಿಧಿಗಳಲ್ಲಿ ಜತೆಗಾರ್ತಿಯಾಗಿ ಸೇರಿಸಿಕೊಂಡದ್ದನ್ನು, ಹೆಕಟೆ ದೇವಿಯ ರಹಸ್ಯಗಳನ್ನು ಕಲಿಸಿದ್ದನ್ನು, ಗ್ರೀಕರ ಡಿಮೀಟರ್‌ನ ದೀಕ್ಷೆಗೆ ಅರ್ಹಳನ್ನಾಗಿ ಮಾಡಿದ್ದನ್ನು ಅವಳು ಅಲ್ಲಿ ನೆನೆಯುತ್ತಾಳೆ. ಎಂಟು ನೂರು ವರ್ಷ ಈ ಇರುಳುಗಳಲ್ಲಿ ಎಚ್ಚರವಿದ್ದ ಹೆಂಗಸರ ಬಗ್ಗೆ ನಾವು ಓದುವುದೆಲ್ಲ ಗಂಡಸರ ಬರಹ. ಇಲ್ಲಿ ದೀಕ್ಷೆ ಪಡೆದವಳು ತನ್ನ ಹೆಸರಲ್ಲಿ ಮಾತಾಡುತ್ತಿದ್ದಾಳೆ. ಕಲ್ಲಿನ ಮುಂಭಾಗದಲ್ಲಿ ಗಂಡನ ಪದವಿಗಳ ಪಟ್ಟಿಯ ಕೆಳಗೆ ಅವಳ ಪಟ್ಟಿಯೂ ಇದೆ: ಎಲ್ಯೂಸಿಸ್‌ನಲ್ಲಿ ದೀಕ್ಷಿತೆ, ಏಜಿನಾ ದ್ವೀಪದಲ್ಲಿ ಹೆಕಟೆಯ ದೀಕ್ಷಿತೆ, ರಹಸ್ಯವಿಧಿಗಳ ಅರ್ಚಕಿ.